ಒಳಗಿನದ್ದು ಚಿಕ್ಕಮ್ಮನಿಗೆ, ಹೊರಗಿನದ್ದು ಅಮ್ಮನಿಗೆ

ಮನುಷ್ಯನಿಗೆ ಬುದ್ಧಿವಂತಿಕೆ ಎಷ್ಟಿರಬೇಕು ಎಂಬ ವಿಷಯದಲ್ಲಿ ನನಗೆ ಈಗ ಒಂದು ಖಚಿತವಾದ ಅಭಿಪ್ರಾಯವಿದೆ. ನಾಲ್ಕು ಜನ ಹಿರಿಯರು ಕೂತ ಜಾಗದಲ್ಲಿ ಬಾಯಿ ಮುಚ್ಚಿಕೊಂಡಿರಲು ಎಷ್ಟು ಬೇಕೋ ಅಷ್ಟಿದ್ದರೆ ಸಾಕು. ಅದಕ್ಕಿಂತ ಒಂದು ಚಮಚ ಹೆಚ್ಚಾದರೂ ಅದು ಹೊಟ್ಟೆಯೊಳಗೆ ನಿಲ್ಲುವುದಿಲ್ಲ, ಮಾತಾಗಿ ಹೊರಗೆ ಬಂದುಬಿಡುತ್ತದೆ. ನಾನು ಆ ಕಾಲದಲ್ಲಿ ಮಂಗಲ್ಪಾಡಿಯ ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಕಲಿಸುತ್ತಿದ್ದೆ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನು ದಿನವಿಡೀ ಬೇರೆಯವರಿಗೆ ಕೇಳುತ್ತಾ ಕೂತವನಿಗೆ ಲೋಕದಲ್ಲಿ ತನಗಿಂತ ಜಾಣರಿಲ್ಲ ಎಂದು ಅನ್ನಿಸತೊಡಗುವುದು ಸಹಜ. ನನಗೂ ಹಾಗೆ ಅನ್ನಿಸಿತ್ತು. ಅದರ ಫಲವಾಗಿ, ಚೆನ್ನಾಗಿ ಓಡುತ್ತಿದ್ದ ಒಂದು ಕಾರಿನ ಇಂಜಿನನ್ನೂ ಗೇರ್‌ಬಾಕ್ಸನ್ನೂ ಹಾಡಹಗಲೇ ಅಂಗಳದಲ್ಲಿ ಕಿತ್ತು ತೆಗೆಯಬೇಕಾಯಿತು.

ಆ ಕಾರು ದೊಡ್ಡ ಮಾವನದ್ದು. ದೊಡ್ಡ ಮಾವ ಎಂದರೆ ಅಮ್ಮನ ಮತ್ತು ಚಿಕ್ಕಮ್ಮನ ಅಣ್ಣ. ನಮ್ಮದು ಅಳಿಯಸಂತಾನದ ಮನೆಯಾದ ಕಾರಣ ಆಸ್ತಿ ಇಳಿದು ಬರುವುದು ಹೆಂಗಸರ ಕಡೆಯಿಂದ, ಅದನ್ನು ನೋಡಿಕೊಳ್ಳುವುದು ಅವರ ಅಣ್ಣ. ತನ್ನ ದೇಶಕ್ಕೆ ಹಿಂತಿರುಗುತ್ತಿದ್ದ ಒಬ್ಬ ಬಿಳಿಯ ದೊರೆಯಿಂದ ದೊಡ್ಡ ಮಾವ ಅದನ್ನು ಮಂಗಳೂರಿನಲ್ಲಿ ಕೊಂಡಿದ್ದರು. ಯಾವ ಕಂಪನಿಯದ್ದೆಂದು ಹೇಳುವುದಿಲ್ಲ. ಅದನ್ನು ತಯಾರಿಸಿದವರು ಎಲ್ಲಿಯಾದರೂ ಬದುಕಿದ್ದರೆ, ತಮ್ಮ ಮಗುವಿಗೆ ಏನಾಯಿತೆಂದು ಕೇಳಿ ನೊಂದುಕೊಳ್ಳುವುದು ಬೇಡ. ಕಪ್ಪು ಮೈ, ಮಡಚುವ ಬಟ್ಟೆಯ ಮಾಡು, ಹಿಂಡಿದರೆ ಬಾತುಕೋಳಿಯ ಹಾಗೆ ಕೂಗುವ ರಬ್ಬರಿನ ಹಾರ್ನು. ದೊಡ್ಡ ಮಾವನಿಗೆ ಕಾರು ಬಿಡಲು ಬರುತ್ತಿರಲಿಲ್ಲ; ಯಜಮಾನನಾದವನು ಕಲಿಯಬಾರದ ಕೆಲಸಗಳಲ್ಲಿ ಅದೂ ಒಂದೆಂದು ಅವರ ಎಣಿಕೆ. ಹಾಗಾಗಿ ಬಿಡುತ್ತಿದ್ದವನು ನಾನು. ಬಂದ್ಯೋಡಿನ ಪೇಟೆಯಲ್ಲಿ ನನಗೆ ‘ಕಾರಿನ ಮಾಷ್ಟ್ರು’ ಎಂದೇ ಹೆಸರು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಕಾರು ಕೊಟ್ಟಿಗೆಯಲ್ಲಿ ನಿಂತಾಗಲೂ, ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂತಾಗಲೂ ಆ ಹೆಸರು ಹೋಗಲಿಲ್ಲ. ನಡೆದುಕೊಂಡು ಹೋಗುತ್ತಿದ್ದರೂ ಜನ ನನಗೆ ದಾರಿ ಬಿಡುತ್ತಿದ್ದರು. ಆ ಸುಖವನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ದೊಡ್ಡ ಮಾವ ತೀರಿಕೊಂಡ ಮೇಲೆ ಪಾಲಿನ ಮಾತು ಎದ್ದಿತು. ಆಗ ನಾವಿನ್ನೂ ಮದರಾಸು ಪ್ರಾಂತ್ಯದವರು. ಕೂಡುಮನೆಗಳಲ್ಲಿ ಪಾಲು ಕೇಳುವ ಹಕ್ಕು ಹೊಸದಾಗಿ ಬಂದಿತ್ತು. ಬಂದ ಹಕ್ಕನ್ನು ಸುಮ್ಮನೆ ಇಟ್ಟುಕೊಳ್ಳುವುದು ಹೇಗೆಂದು ಊರಿನಲ್ಲಿ ಮನೆಮನೆಯೂ ಪಾಲಾಗುತ್ತಿತ್ತು. (ಮುಂದೆ ನಮ್ಮ ಜಿಲ್ಲೆಯನ್ನೇ ಪಾಲು ಮಾಡಿ ನಮ್ಮ ತಾಲೂಕನ್ನು ಕೇರಳಕ್ಕೆ ಕೊಟ್ಟರು. ಆವಾಗ ಯಾರೂ ನಮ್ಮ ಚಾವಡಿಗೆ ಬಂದು ಕೇಳಲಿಲ್ಲ.) ಅಮ್ಮ ಮತ್ತು ಚಿಕ್ಕಮ್ಮ ಜಗಳವಾಡುವ ಜಾತಿಯವರಲ್ಲ. ಆದರೆ ಪಾಲು ಎಂಬ ಶಬ್ದ ಮನೆಯೊಳಗೆ ಬಂದ ದಿನದಿಂದ ಇಬ್ಬರ ಮಾತು ಕಡಿಮೆಯಾಗುತ್ತಾ ಹೋಗಿ, ಕೊನೆಗೆ ‘ಅಕ್ಕನಿಗೆ ಹೇಳು’, ‘ತಂಗಿಗೆ ಹೇಳು’ ಎಂದು ಎಲ್ಲವೂ ನನ್ನ ಮುಖಾಂತರವೇ ನಡೆಯಬೇಕಾಯಿತು. ಒಂದೇ ಅಡಿಗೆಮನೆಯಲ್ಲಿ ಎದುರುಬದುರು ಕೂತವರ ನಡುವೆ ಉಪ್ಪು ದಾಟಿಸಲು ನಾನು ಶಾಲೆಯಿಂದ ಬರುವ ತನಕ ಕಾಯುತ್ತಿದ್ದರು.

ಪಾಲು ಮಾಡಿಸಲು ಬಂದವರು ಸಂಕಪ್ಪಜ್ಜ. ಸುತ್ತಿನ ಮನೆಗಳ ಪಾಲೆಲ್ಲ ಅವರ ಎದುರಿನಲ್ಲೇ ಆದದ್ದು. ಅವರ ಕ್ರಮ ಒಂದೇ: ಹಿರಿಯವಳು ಎರಡು ಪಾಲು ಮಾಡಬೇಕು, ಕಿರಿಯವಳು ಅದರಲ್ಲಿ ಒಂದನ್ನು ಆರಿಸಬೇಕು. ಪಾಲು ಮಾಡಿದವಳಿಗೆ ಆರಿಸುವ ಅಧಿಕಾರವಿಲ್ಲದ ಕಾರಣ ಮೋಸಕ್ಕೆ ಜಾಗವಿಲ್ಲ. ಗದ್ದೆ, ಹಿತ್ತಿಲು, ಅಕ್ಕಿ ತುಂಬಿಡುವ ಮರದ ಪತ್ತಾಯ, ಉರುಳಿ, ಹಂಡೆ, ಕೊಡಪಾನ ಎಲ್ಲವೂ ಹೀಗೆ ಸುಲಭವಾಗಿ ಪಾಲಾದವು. ಹಳೆಯ ಮನೆ ಅಮ್ಮನಿಗೆ ಬಂತು. ಬಂದ್ಯೋಡಿನ ಕಡೆಗಿರುವ ಹೊಸ ಮನೆಯೂ ಅದರ ಎದುರಿನ ಗದ್ದೆಯೂ ಚಿಕ್ಕಮ್ಮನಿಗೆ. ಕೊನೆಗೆ ಉಳಿದದ್ದು ಕಾರು. ಸಂಕಪ್ಪಜ್ಜ ಎಲೆಯಡಿಕೆ ಜಗಿಯುತ್ತಾ, “ಇದನ್ನು ಎಂತ ಮಾಡುದು?” ಎಂದರು. ಅಮ್ಮ ನನ್ನ ಕಡೆ ತಿರುಗಿ, “ಕಾರಿನ ವಿಷಯ ಗೊತ್ತಿರುದು ನಿನಗೆ. ನನ್ನ ಲೆಕ್ಕದಲ್ಲಿ ನೀನೇ ಪಾಲು ಹೇಳು ಮಗಾ” ಎಂದಳು.

ಇಲ್ಲಿ ನನ್ನ ಬುದ್ಧಿವಂತಿಕೆ ಹೊರಗೆ ಬಂತು. ಎಲ್ಲರೂ ನಗುವಂಥ ಒಂದು ಪಾಲು ಹೇಳಿದರೆ, ನಕ್ಕು ಮುಗಿದ ಮೇಲೆ ‘ಛೆ, ಕಾರನ್ನು ಪಾಲು ಮಾಡುವುದುಂಟಾ’ ಎಂದು ಅದನ್ನು ಇದ್ದ ಹಾಗೇ ನನ್ನ ಕೈಯಲ್ಲಿ ಬಿಡುತ್ತಾರೆ ಎಂದು ನಾನು ಎಣಿಸಿದೆ. ಗಂಟಲು ಸರಿಮಾಡಿಕೊಂಡು ಹೇಳಿದೆ: “ಒಂದು ಪಾಲು, ಇಂಜಿನು ಮತ್ತು ಗೇರ್‌ಬಾಕ್ಸು. ಇನ್ನೊಂದು ಪಾಲು, ಬಾಕಿ ಉಳಿದ ಕಾರು.” ಹೇಳಿ ನಗುವಿಗಾಗಿ ಕಾದೆ. ಒಬ್ಬರೂ ನಗಲಿಲ್ಲ. ಸಂಕಪ್ಪಜ್ಜ ಎದ್ದು ಹೋಗಿ ಅಂಗಳದಲ್ಲಿದ್ದ ಕಾರಿಗೆ ಒಂದು ಸುತ್ತು ಬಂದು, ಬಾಯಿಯಲ್ಲಿದ್ದುದನ್ನು ಉಗಿದು ಬಂದು ಕೂತರು. “ಪಾಲು ನ್ಯಾಯವಾಗಿ ಉಂಟು. ಒಂದರಲ್ಲಿ ತೂಕ ಉಂಟು, ಒಂದರಲ್ಲಿ ಚಂದ ಉಂಟು” ಎಂದರು. ಚಿಕ್ಕಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. “ನನಗೆ ಒಳಗಿನದ್ದು ಸಾಕು” ಎಂದಳು. ಚಾವಡಿಯಲ್ಲಿ ಮನೆಯ ದೈವಕ್ಕೆಂದು ಇಟ್ಟ ಮಂಚದ ಎದುರು ದೀಪ ಉರಿಯುತ್ತಿತ್ತು. ಅಲ್ಲಿ ಆಡಿದ ಮಾತನ್ನು ತಮಾಷೆಗೆ ಆಡಿದ್ದೆಂದು ಹಿಂದೆ ತೆಗೆದುಕೊಂಡವರು ನಮ್ಮ ಮನೆಯ ಚರಿತ್ರೆಯಲ್ಲೇ ಇಲ್ಲ. ನಾನು ದೀಪವನ್ನು ನೋಡಿದೆ, ಅಮ್ಮ ನನ್ನನ್ನು ನೋಡಿದಳು.

ಒಳಗಿನದ್ದು ಬೇಡವೆಂದು ಚಿಕ್ಕಮ್ಮ ಹೇಳಿದರೆ ಕಾರು ಬಿಚ್ಚುವ ಮಾತು ಅಲ್ಲಿಗೇ ನಿಲ್ಲಬಹುದೆಂದು ಮರುದಿನ ನಾನು ಅವಳ ಮನಸ್ಸು ತಿರುಗಿಸಲು ಹೋದೆ. ಅವಳು ಹೊಸ ಮನೆಯ ಜಗಲಿಯಲ್ಲಿ ಮೊರ ಹಿಡಿದು ಕೂತಿದ್ದಳು. “ಚಿಕ್ಕಮ್ಮ, ಇಂಜಿನು ಅಂದ್ರೆ ಎಣ್ಣೆ, ಮಸಿ, ಕಬ್ಬಿಣ. ಕೂರ್ಲಿಕ್ಕೆ ಆಗುದಿಲ್ಲ, ನೋಡ್ಲಿಕ್ಕೆ ಚಂದ ಇಲ್ಲ. ಬೇಕಾದ್ರೆ ನೀವೇ ಹೊರಗಿನದ್ದು ತೆಕ್ಕೊಳ್ಳಿ, ನಾನು ಅಮ್ಮನಿಗೆ ಹೇಳ್ತೇನೆ” ಎಂದೆ. ಅವಳು ಮೊರದಲ್ಲಿದ್ದ ಕಲ್ಲು ಆರಿಸುತ್ತಾ, “ಹೊರಗಿನದ್ದನ್ನು ಹೊರಗೆ ನಿಂತು ಬೇಕಾದಷ್ಟು ನೋಡಿದ್ದೇನೆ ಮಗಾ” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು. ನಿಜ. ಕಾರಿನಲ್ಲಿ ದೊಡ್ಡ ಮಾವ ಮುಂದೆ, ಅಮ್ಮ ಹಿಂದೆ, ಅಮ್ಮನ ಪಕ್ಕದಲ್ಲಿ ಬಾಳೆಗೊನೆಯೋ ತೆಂಗಿನಕಾಯಿಯ ಮೂಟೆಯೋ. ಅನಂತಪುರದ ದೇವಸ್ಥಾನಕ್ಕೆ ಹೋಗುವಾಗಲೂ ಚಿಕ್ಕಮ್ಮ ಮುಂಜಾನೆಯೇ ಹೊರಟು ನಡೆದು ಬರುತ್ತಿದ್ದಳು, ನಾವು ದಾರಿಯಲ್ಲಿ ಹಾರ್ನು ಹಿಂಡಿ ಅವಳನ್ನು ದಾಟಿ ಹೋಗುತ್ತಿದ್ದೆವು. ಅವಳು ಬದಿಗೆ ನಿಂತು ಕೈಬೀಸುತ್ತಿದ್ದಳು. ಅದನ್ನು ನಾವು ಅವಳ ಸಂತೋಷವೆಂದು ತಿಳಿದಿದ್ದೆವು.

ಆಮೇಲೆ ಅವಳು ಮೊರ ಕೆಳಗಿಟ್ಟು ಗದ್ದೆಯನ್ನು ತೋರಿಸಿದಳು. ಅವಳ ಪಾಲಿಗೆ ಬಂದದ್ದು ಮೇಲಿನ ಗದ್ದೆ. ಮಳೆ ನಿಂತ ಮೇಲೆ ನೀರು ನಿಲ್ಲದ ಗದ್ದೆ. ಬದಿಯಲ್ಲಿ ಕೆರೆಯಿದೆ, ಆದರೆ ನೀರು ಆಳದಲ್ಲಿ. ಏತ ತುಳಿಯಲು ಜನ ಸಿಗುವುದಿಲ್ಲ, ಸಿಕ್ಕವರಿಗೆ ಉಳಿದ ಕಡೆಯೂ ಕೆಲಸ. “ಉಪ್ಪಳದಲ್ಲಿ ಯಾರೋ ಹಳೆ ಕಾರಿನ ಇಂಜಿನು ಇಟ್ಟು ಕೆರೆ ನೀರು ಮೇಲೆ ಹಾಕ್ತಾರಂತೆ. ಎರಡನೇ ಬೆಳೆ ಬಂದ್ರೆ ನಾನು ಯಾರ ಮನೆಯ ಅಕ್ಕಿಗೂ ಕೈ ಚಾಚ್ಲಿಕ್ಕಿಲ್ಲ. ಪಾಲಾಗಿ ಬಂದ ಮೇಲೆ ಅಕ್ಕನ ಪತ್ತಾಯ ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ” ಎಂದಳು. ಒಂದು ಲೋಟ ಮಜ್ಜಿಗೆ ಕುಡಿದು ವಾಪಸು ಬಂದೆ.

ಇಂಜಿನು ಇಳಿಸಲು ಉಪ್ಪಳದಿಂದ ಮೊಯ್ದಿನಾಕ ಬಂದ. ಅವನು ಬಸ್ಸುಗಳ ರಿಪೇರಿ ಮಾಡುವ ಬ್ಯಾರಿ ಮುಸಲ್ಮಾನ; ಮಾತಿಗೆ ಬ್ರೇಕಿಲ್ಲದ ಮನುಷ್ಯ. ಕಾರಿನ ಸುತ್ತ ಹಾಸಿದ ಗೋಣಿಯ ಮೇಲೆ ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸಿ, ಮೊದಲು ಚಹಾ ಕೇಳಿದ. “ಮಾಷ್ಟ್ರೇ, ನೀವು ಹೆದರ್ಬೇಡಿ. ಬಸ್ಸಿನ ಇಂಜಿನನ್ನೇ ನಾನು ಹಲ್ಲು ಕಿತ್ತ ಹಾಗೆ ಕೀಳುದು. ಇದು ಹಾಲು ಹಲ್ಲು” ಎಂದ. ನಾನು ಅಂಗಿ ಕಳಚಿ, ಈ ಕಾರು ನನ್ನ ಕೈಯಲ್ಲಿ ಬೆಳೆದದ್ದು, ನಾನೇ ತೋರಿಸಿಕೊಡುತ್ತೇನೆ ಎಂದು ಮುಂದೆ ನಿಂತೆ. ಬಾನೆಟ್ಟು ತೆಗೆದಾಗ ಗೊತ್ತಾಯಿತು, ನನಗೆ ಪರಿಚಯವಿದ್ದದ್ದು ಕಾರಿನ ಮುಖ ಮಾತ್ರ. ಮೊಯ್ದಿನಾಕ ಅಡಿಯಲ್ಲಿ ಮಲಗಿ ಎಣ್ಣೆ ಇಳಿಸಿದ, ನೀರು ಇಳಿಸಿದ, ತಂತಿಗಳನ್ನು ಬಿಡಿಸಿದ, ಹೊಗೆಕೊಳವೆಯನ್ನು ಬೇರೆ ಮಾಡಿದ. ಬೋಲ್ಟು ಬಾರದಿದ್ದರೆ ಅವನು ಅದಕ್ಕೆ ಎರಡು ಬೈದು, ಒಂದು ಪೆಟ್ಟು ಕೊಟ್ಟು, ಇನ್ನೊಂದು ಚಹಾ ಕೇಳುತ್ತಿದ್ದ.

ರೇಡಿಯೇಟರು ಹೊರಗೆ ಬಂದಾಗ ಮೊದಲ ತಕರಾರು ಶುರುವಾಯಿತು. ಅಂಗಳದ ಆಚೆ ಚಿಕ್ಕಮ್ಮ, ಈಚೆ ಅಮ್ಮ, ನಡುವೆ ಸಂಕಪ್ಪಜ್ಜನ ಕುರ್ಚಿ. ರೇಡಿಯೇಟರು ಇಂಜಿನಿಗೆ ನೀರು ಕೊಡುವುದಾದ್ದರಿಂದ ಅದು ಒಳಗಿನದ್ದು ಎಂದು ಚಿಕ್ಕಮ್ಮ ನನ್ನ ಹತ್ತಿರ ಹೇಳಿದಳು. ಅಮ್ಮನೂ ನನ್ನ ಹತ್ತಿರವೇ ಹೇಳಿದಳು: “ಅದು ನೀರಿನ ಪಾತ್ರೆ. ನೀರಿನ ಪಾತ್ರೆಗಳು ಮೊನ್ನೆಯೇ ಪಾಲಾಗಿದೆ. ಇದು ಕಾರಿನ ಮುಖ. ಮುಖ ಕೊಟ್ಟು ನಾನು ಎಂತ ಇಟ್ಕೊಳ್ಳುದು?” ಸಂಕಪ್ಪಜ್ಜ ಮುಖವನ್ನು ಅಮ್ಮನಿಗೆ ಕೊಟ್ಟರು. ಒಂದು ದೊಡ್ಡ ಪೀಪಾಯಿಯ ನೀರು ಸಾಕೆಂದು ಮೊಯ್ದಿನಾಕ ಚಿಕ್ಕಮ್ಮನನ್ನು ಸಮಾಧಾನ ಮಾಡಿದ.

ಎರಡನೆಯ ತಕರಾರು ಗೇರಿನ ಕೋಲಿನದ್ದು, ಅದು ಅಷ್ಟು ಸುಲಭದಲ್ಲಿ ಮುಗಿಯಲಿಲ್ಲ. ಗೇರ್‌ಬಾಕ್ಸು ಇರುವುದು ಇಂಜಿನಿನ ಬೆನ್ನಿಗೆ, ಆದರೆ ಗೇರಿನ ಕೋಲು ಕಾರಿನ ತಳದ ಹಲಗೆ ತೂರಿ ಸೀಟಿನ ಪಕ್ಕದಲ್ಲಿ ನಿಂತಿರುತ್ತದೆ. “ಸೀಟು ನನ್ನದು, ಹಲಗೆ ನನ್ನದು, ಅದರಲ್ಲಿ ನಟ್ಟ ಕೋಲು ಮಾತ್ರ ಬೇರೆಯವರದ್ದಾ?” ಎಂದು ಅಮ್ಮ. ಕೋಲಿಲ್ಲದೆ ಗೇರು ಬೀಳುವುದಿಲ್ಲ, ಗೇರು ಬೀಳದೆ ಪಂಪಿನ ಬೆಲ್ಟು ತಿರುಗುವುದಿಲ್ಲ ಎಂದು ಮೊಯ್ದಿನಾಕ. ಸಂಕಪ್ಪಜ್ಜ ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು. ನಿದ್ದೆ ಬಂತೋ ಎಂದು ನಮಗೆ ಅನುಮಾನ. ಆಮೇಲೆ, “ಗಡಿಯಲ್ಲಿ ಮರ ಇದ್ರೆ ಎಂತ ಮಾಡುದು? ಗೆಲ್ಲು ಆಚೆ ಹೋಗಿರ್ಲಿ, ಈಚೆ ಹೋಗಿರ್ಲಿ, ಬುಡ ಯಾರ ಜಾಗದಲ್ಲಿ ಉಂಟೋ ಮರ ಅವರದ್ದು. ಕೋಲಿನ ಬುಡ ಎಲ್ಲಿ?” ಎಂದು ಕೇಳಿದರು. ಬುಡ ಗೇರಿನ ಪೆಟ್ಟಿಗೆಯೊಳಗೆ ಎಂದು ಮೊಯ್ದಿನಾಕ ಅಡಿಯಿಂದಲೇ ಕೂಗಿದ. “ಹಾಗಾದ್ರೆ ಸಣ್ಣವಳದ್ದು” ಎಂದರು ಸಂಕಪ್ಪಜ್ಜ. ಮೋಟಾರು ವಾಹನಗಳ ಬಗ್ಗೆ ಆಮೇಲೆ ನಾನು ಎಷ್ಟೋ ಕಾನೂನು ಓದಿದ್ದೇನೆ, ಇಷ್ಟು ಸ್ಪಷ್ಟವಾದದ್ದು ಒಂದೂ ಇಲ್ಲ.

ತೀರ್ಮಾನ ಕೇಳಿದ ಅಮ್ಮ ನೆಟ್ಟಗೆ ಹೋಗಿ ಕಾರಿನ ಬಾಗಿಲು ತೆಗೆದು, ನಾನು ಕೂರುತ್ತಿದ್ದ ಸೀಟಿನಲ್ಲಿ ಕೂತು, ಕಾಲನ್ನು ಹಲಗೆಯ ಮೇಲೆ ಚೆನ್ನಾಗಿ ಊರಿ, ಗೇರಿನ ಕೋಲು ಹಿಡಿದುಕೊಂಡಳು. “ನಾನು ನನ್ನ ಪಾಲಿನಲ್ಲಿ ಕೂತಿದ್ದೇನೆ. ಅವಳದ್ದು ಎಂತ ಉಂಟೋ ಅವಳು ತೆಕ್ಕೊಂಡು ಹೋಗ್ಲಿ” ಎಂದಳು. ಗೇರ್‌ಬಾಕ್ಸಿನ ಹಿಂದಿನ ಬೋಲ್ಟುಗಳು ಇದ್ದದ್ದು ಅದೇ ಹಲಗೆಯ ಅಡಿಯಲ್ಲಿ. ಮೊಯ್ದಿನಾಕ ಲೋಕದಲ್ಲಿ ಯಾವುದಕ್ಕೂ ಹೆದರುವವನಲ್ಲ, ಆದರೆ ಮನೆಯ ಯಜಮಾನ್ತಿಗೆ ‘ಕಾಲು ತೆಗೆಯಿರಿ’ ಎಂದು ಹೇಳುವ ಬಾಯಿ ಅವನಿಗಿರಲಿಲ್ಲ. ನನಗೆ ಕಣ್ಸನ್ನೆ ಮಾಡಿದ, ನಾನು ಸಂಕಪ್ಪಜ್ಜನನ್ನು ನೋಡಿದೆ, ಅವರು ಆಕಾಶ ನೋಡಿದರು. ಕೊನೆಗೆ ಅವನು ಸ್ಪ್ಯಾನರನ್ನು ಗೋಣಿಯ ಮೇಲೆ ಎಸೆದು, “ಪರವಾಗಿಲ್ಲ, ಅದು ಸಡಿಲ ಉಂಟು. ಎಳೆದ್ರೆ ಬರ್ತದೆ” ಎಂದು ಘೋಷಿಸಿದ. ಇಡೀ ದಿನದಲ್ಲಿ ಅವನು ಚಹಾ ಕೇಳದೆ ಹೇಳಿದ ಮಾತು ಅದೊಂದೇ, ಅದೇ ಸುಳ್ಳು.

ಎಳೆಯುವವರು ಕಡಲಕರೆಯಿಂದ ಬಂದಿದ್ದರು. ಮಳೆಗಾಲ ಬರುವ ಮೊದಲು ದೋಣಿಗಳನ್ನು ದಂಡೆಗೆ ಹತ್ತಿಸುವುದು ಅವರೇ. ಮೂರು ದಪ್ಪ ಕಂಬಗಳ ತುದಿಗಳನ್ನು ಸೇರಿಸಿ ಕಾರಿನ ಮೂತಿಯ ಮೇಲೆ ನಿಲ್ಲಿಸಿ, ರಾಟೆ ಕಟ್ಟಿ, ದೋಣಿಯ ಹಗ್ಗವನ್ನು ಇಂಜಿನಿಗೆ ಸುತ್ತಿದರು. ದೋಣಿ ಎಳೆಯುವವರಿಗೆ ನಿಧಾನವಾಗಿ ಎಳೆದು ಅಭ್ಯಾಸವಿಲ್ಲ. ಅವರ ಮುಖ್ಯಸ್ಥ ಒಂದು ಸಲ “ಐಸಾ” ಎಂದು ಕೂಗಿದರೆ ಉಳಿದವರು ಎದುರಿಗೆ ಕಡಲೇ ನಿಂತಿದೆ ಎಂಬ ಹಾಗೆ ಎಳೆಯುತ್ತಾರೆ. ಐಸಾ ಎಂದರು. ಇಂಜಿನು ಮೇಲೆದ್ದಿತು. ನಾನು ಚಪ್ಪಾಳೆ ತಟ್ಟಲು ಕೈಯೆತ್ತಿದಾಗ ಕಂಡದ್ದು, ಇಂಜಿನಿನೊಟ್ಟಿಗೆ ಕಾರಿನ ಮುಂದಿನ ಚಕ್ರಗಳೂ ನೆಲ ಬಿಟ್ಟು ಏಳುತ್ತಿದ್ದವು. ಇನ್ನೊಂದು ಐಸಾಕ್ಕೆ ಕಾರು ಮುಂಗಾಲು ಎತ್ತಿದ ಕುದುರೆಯ ಹಾಗೆ ನಿಂತಿತು. ಅದರೊಳಗೆ ಅಮ್ಮ, ಗೇರಿನ ಕೋಲು ಬಿಡದೆ, ಮುಖ ಆಕಾಶಕ್ಕೆ, ಕಾಲು ಗಾಳಿಯಲ್ಲಿ.

ಎಲ್ಲರೂ ಏಕಕಾಲಕ್ಕೆ ಕೂಗಿದರು. ನಾನೂ ಕೂಗಿದೆ, ಆದರೆ ಕೂಗಿದ್ದು ಮಾತ್ರ. “ಅಕ್ಕಾ!” ಎಂದು ಓಡಿದವಳು ಚಿಕ್ಕಮ್ಮ. ಆ ವಯಸ್ಸಿನಲ್ಲಿ ಅವಳು ಹಾಗೆ ಓಡಬಲ್ಲಳೆಂದು ನನಗೆ ತಿಳಿದಿರಲಿಲ್ಲ. ಬಾಗಿಲಿನಿಂದ ಅರ್ಧ ಒಳಗೆ ನುಗ್ಗಿ ಅಮ್ಮನ ಸೊಂಟವನ್ನು ಅಪ್ಪಿ ಹಿಡಿದುಕೊಂಡು, “ಕೋಲು ಬಿಡು ಅಕ್ಕಾ, ನನ್ನನ್ನು ಹಿಡಿ, ನನ್ನನ್ನು ಹಿಡಿ” ಎಂದು ಅಳುತ್ತಿದ್ದಳು. “ನನಗೆ ಎಂತ ಆಗಿಲ್ಲ ಮಾರಾಯ್ತಿ, ನೀನು ಬೀಳ್ತಿ” ಎಂದು ಅಮ್ಮ ಕೋಲು ಬಿಟ್ಟು ಅವಳ ಕುತ್ತಿಗೆ ಹಿಡಿದಳು. ಜನ ಹಗ್ಗವನ್ನು ಮೆಲ್ಲನೆ ಸಡಿಲಿಸಿದರು. ಕಾರು ನೆಲಕ್ಕೆ ಬಂತು. ಇಬ್ಬರೂ ಹಾಗೇ ಅಪ್ಪಿಕೊಂಡು ಕೂತಿದ್ದರು. ಮಾತಿಗೆ ನನ್ನ ಅಗತ್ಯ ಬೀಳಲಿಲ್ಲ. ನನ್ನ ಕಣ್ಣಿನಲ್ಲೂ ನೀರು ಬಂತು, ಪೆಟ್ರೋಲಿನ ವಾಸನೆಗೆ ಎಂದು ಹೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಅಮ್ಮ ತಾನಾಗಿ ಕೆಳಗಿಳಿದು, ಸೀರೆ ಸರಿಮಾಡಿಕೊಂಡು, “ಬ್ಯಾರಿ, ಆ ಹಲಗೆ ತೆಗಿ. ಅದರ ಅಡಿಯಲ್ಲಿ ಎಂತ ಉಂಟೋ ಎಲ್ಲಾ ಅವಳಿಗೆ ಕೊಡು” ಎಂದಳು. ಇಂಜಿನು ಆಮೇಲೆ ಗೇರ್‌ಬಾಕ್ಸನ್ನು ಬಾಲದ ಹಾಗೆ ಹಿಡಿದುಕೊಂಡು ಸಲೀಸಾಗಿ ಹೊರಗೆ ಬಂತು. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಅದನ್ನು ಬಂದ್ಯೋಡಿಗೆ ಕಳಿಸಿದೆವು. ಗಾಡಿಯವನ ಪಕ್ಕದಲ್ಲಿ ಚಿಕ್ಕಮ್ಮ ಕೂತಿದ್ದಳು.

ನನಗೆ ಉಳಿದದ್ದು ಹೊರಗಿನದ್ದು. ಅಮ್ಮ ಸಂಜೆಯ ಹೊತ್ತು ಅದರ ಹಿಂದಿನ ಸೀಟಿನಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದಳು. ಯಾರಾದರೂ ಬಂದರೆ ಹಾರ್ನು ಹಿಂಡಿ ನನ್ನನ್ನು ಕರೆಯುತ್ತಿದ್ದಳು. ಪೇಟೆಯಲ್ಲಿ ಜನ ಆಗಲೂ ನನ್ನನ್ನು ಕಾರಿನ ಮಾಷ್ಟ್ರೇ ಎಂದು ಕರೆಯುತ್ತಿದ್ದರು, ಆದರೆ ಕರೆದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಹೀಗೆ ಕೆಲವು ದಿನ ಕಳೆದ ಮೇಲೆ ಚಿಕ್ಕಮ್ಮನಿಂದ ಹೇಳಿಕೆ ಬಂತು. ಕೆರೆಯ ಬದಿಯಲ್ಲಿ ಇಂಜಿನು ಕೂತಿದೆ, ಪೀಪಾಯಿ ಕೂತಿದೆ, ಪಂಪು ಕೂತಿದೆ, ಆದರೆ ಯಾರು ತಿರುಗಿಸಿದರೂ ಅದು ಕೆಮ್ಮಿ ಸುಮ್ಮನಾಗುತ್ತದೆ. ಮೊಯ್ದಿನಾಕನೂ ತಾನು ತಂದ ಬಸ್ಸಿನ ಹ್ಯಾಂಡಲಿನಿಂದ ತಿರುಗಿಸಿ ತಿರುಗಿಸಿ ತೋಳು ಕೆಡಿಸಿಕೊಂಡು ಉಪ್ಪಳಕ್ಕೆ ಹೋದನಂತೆ. ನಾಟಿ ಮಾಡಿದ ಗದ್ದೆ ಬಿರುಕು ಬಿಡಲು ಶುರುವಾಗಿತ್ತು.

ನಾನು ಕಾರಿನ ಹ್ಯಾಂಡಲು ಹಿಡಿದುಕೊಂಡು ಓಡಿದೆ. ಆ ಇಂಜಿನಿಗೆ ಬೆಳಿಗ್ಗೆ ಒಂದು ಸ್ವಭಾವವಿತ್ತು. ಮೊದಲು ಎರಡು ಸಲ ಮೆಲ್ಲ ತಿರುಗಿಸಿ, ಸುಮ್ಮನೆ ಬಿಟ್ಟು, ಅದು ಮರೆತಿರುವಾಗ ಫಕ್ಕನೆ ಎಳೆಯಬೇಕು. ಎಳೆದೆ. ಇಂಜಿನು ಗುಡುಗಿತು, ಪಂಪಿನ ಬಾಯಿಯಿಂದ ಕೆಸರು ನೀರು, ಆಮೇಲೆ ತಿಳಿನೀರು ಧಾರೆಯಾಗಿ ಗದ್ದೆಗೆ ಬಿತ್ತು. ಚಿಕ್ಕಮ್ಮ ಕಾಲುವೆಯ ಬದಿಯಲ್ಲಿ ಕೂತು ನೀರಿಗೆ ಕೈ ಹಾಕಿದಳು. ತುಂಬಾ ಹೊತ್ತು ಕೈ ತೆಗೆಯಲಿಲ್ಲ. ಕಾರು ಓಡುತ್ತಿದ್ದ ಕಾಲದಲ್ಲಿ ಆ ಇಂಜಿನು ಯಾರನ್ನೂ ಅಷ್ಟು ಸಂತೋಷಪಡಿಸಿದ್ದನ್ನು ನಾನು ನೋಡಿಲ್ಲ. ಅಂದಿನಿಂದ ಅದು ನನ್ನ ದಿನಚರಿಯಾಯಿತು. ತಿರುಗಿಸುವ ಹ್ಯಾಂಡಲು ಸೀಟಿನ ಅಡಿಯಲ್ಲಿದ್ದ ಕಾರಣ ಅಮ್ಮನ ಪಾಲಿಗೆ ಸೇರಿತ್ತು. ಅವಳು ದಿನವೂ ಅದನ್ನು ಒರಸಿ ನನ್ನ ಕೈಗೆ ಕೊಟ್ಟು, “ತಂಗಿಯ ಗದ್ದೆಗೆ ನೀರು ಸರಿ ಹತ್ತಿತಾ ನೋಡಿ ಬಾ” ಎನ್ನುತ್ತಿದ್ದಳು. ಶಾಲೆಯ ಗಂಟೆಗೆ ಮೊದಲು ನಾನು ಹ್ಯಾಂಡಲು ಹೆಗಲ ಮೇಲಿಟ್ಟು ಬಂದ್ಯೋಡಿನ ಪೇಟೆಯ ನಡುವಿನಿಂದ ನಡೆದು ಹೋಗುತ್ತಿದ್ದೆ.

ಪೈರು ಹಸಿರಾಗಿ ನಿಂತ ಸಮಯದಲ್ಲಿ ಒಂದು ದಿನ ಮಂಜೇಶ್ವರದ ಕಡೆಯ ನೆಂಟರೊಬ್ಬರು ಗದ್ದೆ ನೋಡಲು ಬಂದರು. ನಾನು ಮುಂಡು ಎತ್ತಿ ಕಟ್ಟಿ, ಮುಖಕ್ಕೆ ಮಸಿ ಬಳಿದುಕೊಂಡು, ಪೀಪಾಯಿಗೆ ನೀರು ತುಂಬುತ್ತಿದ್ದೆ. ಎರಡನೆಯ ಬೆಳೆಯನ್ನೂ, ನೀರಿನ ಧಾರೆಯನ್ನೂ, ಇಂಜಿನನ್ನೂ ಮನಸಾರೆ ಹೊಗಳಿದ ಮೇಲೆ ಅವರು ನನ್ನ ಕಡೆಗೆ ಗಲ್ಲ ಎತ್ತಿ, “ಈ ಜನ ಯಾರು? ಕೆಲಸಕ್ಕೆ ಇಟ್ಟದ್ದಾ?” ಎಂದು ಕೇಳಿದರು. ನಾನು ಬಿಂದಿಗೆ ಕೆಳಗಿಟ್ಟು ನೆಟ್ಟಗೆ ನಿಂತೆ; ಅಕ್ಕನ ಮಗ, ಲೆಕ್ಕದ ಮಾಷ್ಟ್ರು ಎಂದು ಚಿಕ್ಕಮ್ಮ ಹೇಳುವಾಗ ಮುಖದಲ್ಲಿ ಸ್ವಲ್ಪ ಗಾಂಭೀರ್ಯ ಇರಲಿ ಎಂದು. ಚಿಕ್ಕಮ್ಮ ನನ್ನನ್ನು ತಲೆಯಿಂದ ಕಾಲಿನ ತನಕ ಪ್ರೀತಿಯಿಂದ ನೋಡಿ ನಕ್ಕಳು.

“ಅದಾ? ಅದು ಇಂಜಿನಿನ ಒಟ್ಟಿಗೆ ಬಂದದ್ದು” ಎಂದಳು.